ಚಿನ್ ಚಕ್ರವರ್ತಿಯ ಗೋರಿಯನ್ನು ಇನ್ನೂ ತೆರೆದಿಲ್ಲವಾದರೆ ಒಳಗಿನ ಪಾದರಸದ ನದಿಯ ಮಾತು ಎಲ್ಲಿಂದ ಬಂತು?

ಪ್ರಶ್ನೆ: ಡೊಂಬಿವಲಿ ಮೇಷ್ಟ್ರು

ಬಳಗದ ಎಲ್ಲರಿಗೂ ನಮಸ್ಕಾರ. ನಮ್ಮ ಕಾಲನಿಯ ಕನ್ನಡಿಗರು ತಿಂಗಳಿಗೊಂದು ಭಾನುವಾರ ಸಂಜೆ ಸೇರಿ, ಸರದಿಯಂತೆ ಒಬ್ಬರು ಯಾವುದಾದರೂ ವಿಷಯದ ಮೇಲೆ ಮಾತನಾಡುವ ರೂಢಿಯಿದೆ. ಈ ಸಲದ ಪಾಳಿ ನನ್ನದು. ರಾತ್ರಿಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನೆಂಬ ಧೈರ್ಯದಿಂದ ಚೀನಾದ ಮೊದಲ ಚಕ್ರವರ್ತಿಯ ಗೋರಿಗೆ ಕಾವಲಾಗಿ ಹೂತಿಟ್ಟ ಮಣ್ಣಿನ ಸೈನ್ಯದ ಬಗ್ಗೆ ಮಾತನಾಡಲು ಒಪ್ಪಿಕೊಂಡೆ.

ಟಿಪ್ಪಣಿ ಸಿದ್ಧವಾಗಿದೆ. 1974ರ ಮಾರ್ಚ್‌ನಲ್ಲಿ ಷೀಆನ್ ನಗರದ ಬಳಿಯ ಲಿನ್‌ಟಾಂಗ್‌ನಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಮಣ್ಣಿನ ಆಳಿನ ಚೂರುಗಳು ತಾಗಿದ್ದು, ಆಮೇಲೆ ಸಾಲಾಗಿ ಗುಂಡಿಗಳು ಪತ್ತೆಯಾಗಿದ್ದು, ಮೊದಲ ಗುಂಡಿಯೇ 230 ಮೀಟರ್ ಉದ್ದ, 62 ಮೀಟರ್ ಅಗಲ ಇರುವುದು, ಒಟ್ಟು ಸುಮಾರು 8,000 ಸೈನಿಕರು ಇರಬಹುದೆಂಬ ಅಂದಾಜು, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು, ಆಯುಧಗಳಿಗೆ ಆ ಕಾಲದಲ್ಲೇ ಕ್ರೋಮಿಯಂ ಲೇಪನ ಮಾಡಿದ್ದರಿಂದ ಅವು ತುಕ್ಕು ಹಿಡಿಯದೆ ಉಳಿದದ್ದು, ಎಲ್ಲವನ್ನೂ ಬರೆದುಕೊಂಡಿದ್ದೇನೆ. ಅಭ್ಯಾಸಕ್ಕೆಂದು ಮೊಮ್ಮಗಳ ಮುಂದೆ ಓದಿದಾಗ ಅವಳು ಕೊನೆಯವರೆಗೆ ಕೇಳಿಸಿಕೊಂಡು, "ಅಜ್ಜ, ಇದೆಲ್ಲ ಕಾವಲಿನವರ ಕಥೆಯಾಯಿತು, ರಾಜ ಎಲ್ಲಿದ್ದಾನೆ?" ಎಂದಳು. ಸೈನ್ಯದ ಗುಂಡಿಗಳಿಂದ ಪಶ್ಚಿಮಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ದೂರದ ದೊಡ್ಡ ಮಣ್ಣಿನ ದಿಬ್ಬದ ಕೆಳಗೆ ಇದ್ದಾನೆ, ಅದನ್ನು ಇನ್ನೂ ಅಗೆದಿಲ್ಲ, ಆದರೆ ಒಳಗೆ ಪಾದರಸದ ನದಿಗಳಿವೆ ಎಂದೆ. ಅಗೆಯದೆ ಇದ್ದ ಮೇಲೆ ನದಿ ಇರುವುದು ಯಾರಿಗೆ ಗೊತ್ತು ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಅಷ್ಟಕ್ಕೇ ಬಿಡದೆ, ಮಣ್ಣಿನವರನ್ನು ಇಟ್ಟದ್ದರಿಂದ ನಿಜವಾದ ಸೈನಿಕರು ಬದುಕಿಕೊಂಡರೋ ಎಂದೂ ಕೇಳಿದಳು.

ತಿಳಿದವರು ದಯವಿಟ್ಟು ಬರೆಯಬೇಕು. ಸಭೆಯಲ್ಲಿ ಅವಳು ಮುಂದಿನ ಸಾಲಿನಲ್ಲೇ ಕೂರುತ್ತಾಳೆ.

ಉತ್ತರ: ವರ್ಣಮಿತ್ರ, ಮುಲುಂಡ್

ಮೇಷ್ಟ್ರೇ, ನಾನು ಇತಿಹಾಸ ಓದಿದವನಲ್ಲ. ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದವನು. ಹಾಗಾಗಿ ಪಾದರಸ, ಬಣ್ಣ ಮತ್ತು ಕ್ರೋಮಿಯಂ, ಈ ಮೂರಕ್ಕೆ ಮಾತ್ರ ಉತ್ತರಿಸುತ್ತೇನೆ. ಮೊಮ್ಮಗಳ ಎರಡನೆಯ ಪ್ರಶ್ನೆಯನ್ನು ಪುಣೆಯ ನಮ್ಮ ಶಾಸನಪ್ರಿಯ ಅವರಿಗೆ ಬಿಟ್ಟಿದ್ದೇನೆ.

ಪಾದರಸದ ಮಾತು ಬಂದಿರುವುದು, ಚಿನ್ ಮನೆತನದ ನಂತರ ಆಳಿದ ಹಾನ್ ಮನೆತನದ ಆಸ್ಥಾನದ ಇತಿಹಾಸಕಾರ ಸಿಮಾ ಚಿಯೆನ್‌ನಿಂದ. ಚಕ್ರವರ್ತಿ ಸತ್ತದ್ದು ಕ್ರಿ.ಪೂ. 210ರಲ್ಲಿ, ಈತ ತನ್ನ 'ಶಿಜಿ' ಎಂಬ ಇತಿಹಾಸವನ್ನು ಬರೆದದ್ದು ಅದಾದ ಸುಮಾರು ನೂರು ವರ್ಷಗಳ ಮೇಲೆ. ಏಳು ಲಕ್ಷ ಜನರನ್ನು ಕೆಲಸಕ್ಕೆ ಹಚ್ಚಿದ್ದರು, ಮೂರು ಅಂತರ್ಜಲದ ಪದರಗಳನ್ನು ದಾಟಿ ತೋಡಿದ್ದರು, ಮೇಲೆ ಆಕಾಶದ ನಕ್ಷತ್ರಗಳನ್ನೂ ಕೆಳಗೆ ಭೂಮಿಯ ರೂಪವನ್ನೂ ಮಾಡಿದ್ದರು, ನದಿಗಳಿಗೂ ಸಮುದ್ರಕ್ಕೂ ಪಾದರಸ ತುಂಬಿ ಯಂತ್ರದಿಂದ ಹರಿಯುವಂತೆ ಮಾಡಿದ್ದರು, ಒಳಗೆ ಕಾಲಿಟ್ಟವರ ಮೇಲೆ ತಾನಾಗಿಯೇ ಬಾಣ ಬಿಡುವ ಅಡ್ಡಬಿಲ್ಲುಗಳನ್ನು ಹೂಡಿದ್ದರು ಎಂದೆಲ್ಲ ಅಲ್ಲಿದೆ. ಆತ ಕಣ್ಣಾರೆ ಕಂಡವನಲ್ಲ. ಇನ್ನೊಂದು ವಿಚಿತ್ರವೆಂದರೆ, ಇಷ್ಟು ವಿವರ ಕೊಟ್ಟ ಮನುಷ್ಯ ಮಣ್ಣಿನ ಸೈನ್ಯದ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. 1974ರ ರೈತರಿಗೆ ಸಿಕ್ಕಿದ್ದು ಯಾವ ಪುಸ್ತಕದಲ್ಲೂ ಇಲ್ಲದ ವಸ್ತು. ಪುಸ್ತಕದಲ್ಲಿ ಇರುವ ವಸ್ತುವನ್ನು ಈವರೆಗೆ ಯಾರೂ ನೋಡಿಲ್ಲ. ಇದನ್ನು ನಿಮ್ಮ ಮಾತಿನಲ್ಲಿ ಹೇಳಲೇಬೇಕು.

ಹಾಗೆಂದು ಪಾದರಸವನ್ನು ಬರೀ ಕಟ್ಟುಕಥೆ ಎಂದು ತಳ್ಳಿಹಾಕುವಂತೆಯೂ ಇಲ್ಲ. 1980ರ ದಶಕದ ಆರಂಭದಲ್ಲಿ ಚೀನಾದ ಭೂವಿಜ್ಞಾನಿಗಳು ದಿಬ್ಬದ ಮೇಲಿನ ಮಣ್ಣನ್ನು ಅಲ್ಲಲ್ಲಿ ತೆಗೆದು ಪರೀಕ್ಷಿಸಿದಾಗ, ನಡುಭಾಗದ ಮಣ್ಣಿನಲ್ಲಿ ಸುತ್ತಲಿನ ಮಣ್ಣಿಗಿಂತ ಹಲವು ಪಟ್ಟು ಹೆಚ್ಚು ಪಾದರಸ ಕಂಡುಬಂತು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಲೇಸರ್ ಕಿರಣ ಹಾಯಿಸಿ ದಿಬ್ಬದ ಮೇಲಿನ ಗಾಳಿಯನ್ನು ಅಳೆದರು. ಆ ಪ್ರದೇಶದ ಗಾಳಿಯಲ್ಲಿ ಘನ ಮೀಟರಿಗೆ 5ರಿಂದ 10 ನ್ಯಾನೋಗ್ರಾಂ ಪಾದರಸ ಇರುವುದು ಸಾಮಾನ್ಯವಾದರೆ, ದಿಬ್ಬದ ಕೆಲವು ಜಾಗಗಳಲ್ಲಿ ಅದು 27ರವರೆಗೆ ಏರಿತ್ತು. ಪಾದರಸ ಕೋಣೆಯ ಉಷ್ಣತೆಯಲ್ಲೇ ನಿಧಾನವಾಗಿ ಆವಿಯಾಗುವ ಲೋಹ, ಬಿರುಕು ಸಿಕ್ಕಲ್ಲಿ ಮೇಲೇರುತ್ತದೆ. ಕೆಳಗೆ ಪಾದರಸ ಬಹಳ ಇದೆ ಎಂದು ಇದರಿಂದ ಹೇಳಬಹುದು. ಅದು ನದಿಯಾಗಿ ಹರಿದಿತ್ತೇ, ಕೊಪ್ಪರಿಗೆಯಲ್ಲಿ ತುಂಬಿತ್ತೇ ಎಂದು ಹೇಳಲಾಗುವುದಿಲ್ಲ. ಇಂಗಳೀಕದ ಗಣಿ ನಡೆಸುತ್ತಿದ್ದ ಚಿಂಗ್ ಎಂಬ ವಿಧವೆಯನ್ನು ಈ ಚಕ್ರವರ್ತಿ ಗೌರವಿಸಿ ಅವಳ ಹೆಸರಿನಲ್ಲಿ ಜಗಲಿ ಕಟ್ಟಿಸಿದನೆಂದು ಅದೇ ಸಿಮಾ ಚಿಯೆನ್ ಬರೆದಿದ್ದಾನೆ. ಇಂಗಳೀಕವನ್ನು ಕಾಸಿದರೆ ಪಾದರಸ ಸಿಗುತ್ತದೆ. ಅಂದರೆ ಸಾಮಗ್ರಿಯ ಕೊರತೆಯಂತೂ ಇರಲಿಲ್ಲ.

ತೆರೆಯದೆ ಇರುವುದಕ್ಕೆ ಪಾದರಸದ ವಿಷ ಒಂದು ಕಾರಣವೇ ಹೌದು, ಆದರೆ ನನ್ನ ದೃಷ್ಟಿಯಲ್ಲಿ ದೊಡ್ಡ ಕಾರಣ ಬಣ್ಣ. ಇಂದು ಚಿತ್ರಗಳಲ್ಲಿ ಬೂದಿಯ ಬಣ್ಣಕ್ಕೆ ಕಾಣುವ ಆ ಸೈನಿಕರು ಹೂತಿಟ್ಟ ದಿನ ಕೆಂಪು, ಹಸಿರು, ನೀಲಿ, ನೇರಳೆ ಬಣ್ಣಗಳಿಂದ ಜಾತ್ರೆಯ ಗೊಂಬೆಗಳಂತೆ ಥಳಥಳಿಸುತ್ತಿದ್ದರು. ಆ ನೇರಳೆಯಂತೂ ಬೇರಿಯಂ, ತಾಮ್ರ ಮತ್ತು ಸಿಲಿಕಾಗಳನ್ನು ಬಿಸಿ ಮಾಡಿ ಕೈಯಾರೆ ತಯಾರಿಸಿದ ವರ್ಣದ್ರವ್ಯ, ನೆಲದಿಂದ ಅಗೆದು ತಂದದ್ದಲ್ಲ. ತೊಂದರೆ ಇರುವುದು ಬಣ್ಣದ ಕೆಳಗಿನ ಅಸ್ತರಿನಲ್ಲಿ. ಮಣ್ಣಿನ ಮೈಗೆ ಮೊದಲು ಅರಗುಮರದ ಸೊನೆ ಬಳಿದು, ಅದರ ಮೇಲೆ ಬಣ್ಣ ಕೊಟ್ಟಿದ್ದಾರೆ. ಆ ಮರ ನಮ್ಮ ಮಾವು, ಗೇರು, ಕೇರುಗಳ ಕುಟುಂಬಕ್ಕೇ ಸೇರಿದ್ದು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡವರಿಗೆ ಆ ಸೊನೆಯ ಜಾತಿ ಎಂಥದೆಂದು ಬೇರೆ ಹೇಳಬೇಕಾಗಿಲ್ಲ; ನಮ್ಮ ಕಾರ್ಖಾನೆಯಲ್ಲೂ ಆ ಎಣ್ಣೆಯಿಂದ ವಾರ್ನಿಶ್ ಕಾಯಿಸುತ್ತಿದ್ದೆವು. ಎರಡು ಸಾವಿರ ವರ್ಷ ಒದ್ದೆ ಮಣ್ಣಿನಲ್ಲಿ ನೀರು ಕುಡಿದು ಕೂತ ಆ ಪದರ ಗಾಳಿಗೆ ಬಂದ ಕೂಡಲೇ ಒಣಗಿ, ಕುಗ್ಗಿ, ಹಪ್ಪಳದಂತೆ ಸುರುಟಿಕೊಂಡು, ಮೇಲಿನ ಬಣ್ಣವನ್ನೂ ಎಬ್ಬಿಸಿಕೊಂಡು ಉದುರಿಬಿಡುತ್ತದೆ. ಇದಕ್ಕೆ ಗಂಟೆಗಳು ಬೇಡ, ಕೆಲವು ನಿಮಿಷ ಸಾಕು. ಮೊದಲ ವರ್ಷಗಳಲ್ಲಿ ಅಗೆದವರ ಕಣ್ಣೆದುರೇ ಹೀಗೆ ಬಣ್ಣ ಹೋಯಿತು. ಮುಂದೆ ಜರ್ಮನಿಯ ಬವೇರಿಯಾದ ಸಂರಕ್ಷಣಾ ತಜ್ಞರ ಜೊತೆ ಸೇರಿ, ಪಾಲಿಎಥಿಲಿನ್ ಗ್ಲೈಕಾಲ್ ದ್ರಾವಣವನ್ನು ತಕ್ಷಣ ಹಚ್ಚಿ ನೀರಿನ ಜಾಗದಲ್ಲಿ ಅದನ್ನು ಇಳಿಸುವ ವಿಧಾನವನ್ನು ರೂಢಿಸಿಕೊಂಡರು. ಈಗ ಕೆಲವು ಮುಖಗಳ ಬಣ್ಣ ಉಳಿದಿದೆ.

ಮಣ್ಣಿನ ಆಳಿನ ಗತಿಯೇ ಹೀಗಾದರೆ ಗೋರಿಯೊಳಗಿನ ರೇಷ್ಮೆ, ಮರ, ಬಿದಿರಿನ ಓಲೆಗಳ ಗತಿ ಏನು? ಚೀನಾದವರಿಗೆ ಈ ಪಾಠ ಆಗಲೇ ಆಗಿದೆ. ಮಿಂಗ್ ಮನೆತನದ ವಾನ್ಲಿ ಚಕ್ರವರ್ತಿಯ ಡಿಂಗ್‌ಲಿಂಗ್ ಗೋರಿಯನ್ನು 1956ರಿಂದ 1958ರವರೆಗೆ ಅಗೆದರು. ಒಳಗಿನ ರೇಷ್ಮೆ ಬಟ್ಟೆಗಳು ಹೊರಗೆ ಬಂದು ಕಪ್ಪಾಗಿ ಪುಡಿಪುಡಿಯಾದವು. 1966ರ ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಚಕ್ರವರ್ತಿಯ ಎಲುಬುಗಳನ್ನೇ ಹೊರಗೆಳೆದು ಸುಟ್ಟರು. ಆ ಮೇಲೆ ಚಕ್ರವರ್ತಿಗಳ ಗೋರಿಗಳನ್ನು ಬೇಕೆಂದೇ ಅಗೆಯುವುದಿಲ್ಲ ಎಂಬ ನಿಲುವಿಗೆ ಅವರು ಬಂದರು.

ಇನ್ನು ಕ್ರೋಮಿಯಂ ಲೇಪನದ ಮಾತನ್ನು ದಯವಿಟ್ಟು ನಿಮ್ಮ ಟಿಪ್ಪಣಿಯಿಂದ ಅಳಿಸಿಬಿಡಿ. ನಾನೂ ಅದನ್ನು ವರ್ಷಗಟ್ಟಲೆ ನಂಬಿ, ಕಾರ್ಖಾನೆಯಲ್ಲಿ ಎಳೆಯರಿಗೆ ಹೇಳಿಕೊಂಡು ತಿರುಗಿದವನೇ. 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನೂರಾರು ಆಯುಧಗಳನ್ನು ನೋಡಿದಾಗ, ಕ್ರೋಮಿಯಂ ಇದ್ದದ್ದು ಹೆಚ್ಚಾಗಿ ಮರದ ಹಿಡಿಕೆ, ಒರೆಗಳಿಗೆ ತಾಗಿಕೊಂಡಿದ್ದ ಭಾಗಗಳಲ್ಲಿ. ಆ ಮರಕ್ಕೆ ಬಳಿದ ಅರಗಿನಿಂದ ಅದು ಅಂಟಿತ್ತು. ಅಲಗುಗಳು ಉಳಿದದ್ದು ಕಂಚಿನಲ್ಲಿ ತವರದ ಪಾಲು ಹೆಚ್ಚಿದ್ದುದರಿಂದ ಮತ್ತು ಅಲ್ಲಿನ ಮಣ್ಣು ನುಣ್ಣಗೆ, ಸ್ವಲ್ಪ ಕ್ಷಾರೀಯವಾಗಿ ಇದ್ದುದರಿಂದ.

ಉತ್ತರ: ಶಾಸನಪ್ರಿಯ, ಪುಣೆ

ವರ್ಣಮಿತ್ರರು ನನ್ನನ್ನು ಸಿಕ್ಕಿಹಾಕಿಸಿದ್ದಾರೆ. ಮೊಮ್ಮಗಳ ಎರಡನೆಯ ಪ್ರಶ್ನೆಗೆ "ಹೌದು" ಎಂದು ಉತ್ತರಿಸುವ ಆಸೆಯಾಗುತ್ತದೆ, ಆದರೆ ಅದು ಅರ್ಧ ಮಾತ್ರ ಹೌದು.

ಒಡೆಯನ ಜೊತೆ ಸಾಯುವುದು ನಮಗೆ ಅಪರಿಚಿತ ವಿಷಯವಲ್ಲ. ಗಂಗರ ಕಾಲದ ಶಾಸನಗಳಲ್ಲಿ ಕೀಳ್ಗುಂಟೆ ಎಂಬ ಮಾತು ಬರುತ್ತದೆ: ಒಡೆಯನನ್ನು ಹೂಳುವ ಗುಂಡಿಯ ಕೆಳಗೆ ಇನ್ನೊಂದು ಗುಂಡಿ, ಅದರಲ್ಲಿ ಅವನ ನಂಬುಗೆಯ ಆಳು. ತಿ. ನರಸೀಪುರದ ಹತ್ತಿರದ ದೊಡ್ಡಹುಂಡಿಯ ಕಲ್ಲಿನಲ್ಲಿ ಸಾಯುತ್ತಿರುವ ಗಂಗ ದೊರೆ ನೀತಿಮಾರ್ಗನನ್ನು ಮಂಚದ ಮೇಲೆ ಕೆತ್ತಿದ್ದಾರೆ. ಅವನಿಗೆ ಕೀಳ್ಗುಂಟೆಯಾದವನು ಅಗರಯ್ಯ. ಹೊಯ್ಸಳರ ಗರುಡರೆಂಬ ಅಂಗರಕ್ಷಕರು ಇದೇ ದಾರಿಯವರು. ಇಮ್ಮಡಿ ಬಲ್ಲಾಳನಿಗಾಗಿ ಸತ್ತ ಕುವರ ಲಕ್ಷ್ಮನ ಕಂಬ ಹಳೇಬೀಡಿನ ಗುಡಿಯ ಪಕ್ಕದಲ್ಲೇ ಇದೆ. ನಮ್ಮವರದು, ಕಡೆಯ ಪಕ್ಷ ಕಲ್ಲಿನ ಮೇಲೆ, ತಾವೇ ತೊಟ್ಟ ಭಾಷೆ. ಚಿನ್ ನಾಡಿನಲ್ಲಿ ಅದು ಅಪ್ಪಣೆ. ಅಲ್ಲಿನ ಹಳೆಯ ದೊರೆಗಳಲ್ಲಿ ಒಬ್ಬನಾದ ಜಿಂಗ್‌ನ ಗೋರಿಯನ್ನು ಫೆಂಗ್‌ಶಿಯಾಂಗ್‌ನಲ್ಲಿ 1976ರಿಂದ ಹತ್ತು ವರ್ಷ ಅಗೆದಾಗ, ಅವನೊಡನೆ ಹೂತಿದ್ದ 186 ಮಂದಿಯ ಎಲುಬುಗಳು ಸಿಕ್ಕವು. ಕ್ರಿ.ಪೂ. 384ರಲ್ಲಿ ಅದೇ ಮನೆತನದ ಶಿಯೆನ್ ಎಂಬ ದೊರೆ ಈ ಪದ್ಧತಿಯನ್ನು ನಿಲ್ಲಿಸಿದ. ಜನರ ಬದಲು ಗೊಂಬೆ ಇಡುವುದು ಬೇರೆ ಕಡೆಗಳಲ್ಲಿಯೂ ಇತ್ತು, ಆದರೆ ಅವು ಸಣ್ಣ ಗೊಂಬೆಗಳು. ಆಳೆತ್ತರಕ್ಕೆ ಮಾಡಿದವನು ನಮ್ಮ ಈ ಮೊದಲ ಚಕ್ರವರ್ತಿಯೊಬ್ಬನೇ. ಇವನ ನಂತರದ ಹಾನ್ ಚಕ್ರವರ್ತಿ ಜಿಂಗ್‌ನ ಯಾಂಗ್‌ಲಿಂಗ್ ಗೋರಿಯಲ್ಲಿ ಸಿಕ್ಕಿರುವ ಗೊಂಬೆಗಳು ಬರೀ ಎರಡಡಿ ಎತ್ತರ.

ಆದ್ದರಿಂದ ಮಣ್ಣಿನವರು ನಿಂತಿದ್ದರಿಂದ ಎಂಟು ಸಾವಿರ ಜೀವ ಉಳಿಯಿತೆಂದು ಲೆಕ್ಕ ಹಾಕುವುದು ಸರಿಯಲ್ಲ. ಅಷ್ಟು ಜನರನ್ನು ಹೂಳುವ ರೂಢಿ ಚಿನ್ ನಾಡಿನಲ್ಲಿ ಮೊದಲೂ ಇರಲಿಲ್ಲ. ಇನ್ನರ್ಧ ಇನ್ನೂ ಕಹಿಯಾಗಿದೆ. ಚಕ್ರವರ್ತಿ ಸತ್ತ ಮೇಲೆ ಪಟ್ಟಕ್ಕೆ ಬಂದ ಮಗ ಹುಹಾಯ್, ಮಕ್ಕಳಿಲ್ಲದ ರಾಣಿವಾಸದ ಹೆಂಗಸರನ್ನು ಜೊತೆಗೇ ಸಾಯಿಸಿದನೆಂದೂ, ಒಳಗಿನ ಗುಟ್ಟು ಬಲ್ಲ ಕುಶಲಕರ್ಮಿಗಳು ಇನ್ನೂ ಒಳಗಿರುವಾಗಲೇ ಬಾಗಿಲನ್ನು ಇಳಿಸಿ ಮುಚ್ಚಿಸಿದನೆಂದೂ ಸಿಮಾ ಚಿಯೆನ್ ಬರೆಯುತ್ತಾನೆ. ಪುಸ್ತಕದ ಮಾತು ಬೇಡವೆಂದರೆ ನೆಲದ ಸಾಕ್ಷಿಯೇ ಇದೆ. ಗೋರಿಯ ಪಶ್ಚಿಮಕ್ಕೆ, ಝಾವೊಬೆಯ್‌ಹು ಎಂಬ ಹಳ್ಳಿಯ ಬಳಿ, ಕೆಲಸಗಾರರ ಸ್ಮಶಾನ ಸಿಕ್ಕಿದೆ. ಶವಪೆಟ್ಟಿಗೆ ಇಲ್ಲ, ಕಾಲು ಮಡಿಸಿ ಒತ್ತೊತ್ತಾಗಿ ಹೂತಿದ್ದಾರೆ. ಕೆಲವರ ಮೈಮೇಲೆ ಮುರಿದ ಹೆಂಚಿನ ತುಂಡು. ಅದರ ಮೇಲೆ ಮೊನೆಯಿಂದ ಗೀಚಿದ ಹೆಸರು, ಊರು, ಕೆಲವೊಮ್ಮೆ ದರ್ಜೆ. ಅವರಲ್ಲಿ ಕೆಲವರು ಸರ್ಕಾರಕ್ಕೆ ದಂಡ ಅಥವಾ ಸಾಲ ಕಟ್ಟಲಾಗದೆ ದುಡಿದು ತೀರಿಸಲು ಬಂದವರೆಂದು ಆ ಹೆಂಚಿನ ಬರಹವೇ ಹೇಳುತ್ತದೆ. ಗೆದ್ದ ನಾಡುಗಳಿಂದ, ಪೂರ್ವದ ಕರಾವಳಿಯ ಕಡೆಯಿಂದಲೂ ಬಂದವರು. ಮಣ್ಣಿನ ಸೈನ್ಯದ ಎದುರು ಈ ಹೆಂಚುಗಳನ್ನು ಇಟ್ಟು ನೋಡದೆ ಮಾತು ಮುಗಿಸಬೇಡಿ, ಮೇಷ್ಟ್ರೇ.

ಕಾಲದ ಅಂದಾಜಿಗೆ ನಿಮ್ಮ ಸಭೆಯವರಿಗೆ ಹತ್ತಿರದ ಒಂದು ಗುರುತು ಕೊಡುತ್ತೇನೆ. ನಿಮ್ಮ ಸೀಮೆಯ ನಾಲಾಸೋಪಾರಾದಲ್ಲಿ ಅಶೋಕನ ಶಾಸನದ ತುಂಡು ಸಿಕ್ಕಿದೆಯಷ್ಟೆ. ಆ ಅಶೋಕ ಇನ್ನೂ ಆಳುತ್ತಿದ್ದಾಗಲೇ, ಕ್ರಿ.ಪೂ. 246ರಲ್ಲಿ, ಯಿಂಗ್ ಝೆಂಗ್ ಎಂಬ ಹದಿಮೂರರ ಹುಡುಗ ಚಿನ್ ನಾಡಿನ ದೊರೆಯಾದ, ಕ್ರಿ.ಪೂ. 221ರ ಹೊತ್ತಿಗೆ ಉಳಿದ ಆರು ನಾಡುಗಳನ್ನು ಗೆದ್ದು ಮೊದಲ ಚಕ್ರವರ್ತಿ ಎನಿಸಿಕೊಂಡ. ಗೋರಿಯ ಕೆಲಸ ಪಟ್ಟಕ್ಕೇರಿದಾಗಲೇ ಶುರುವಾಗಿತ್ತು.

ಉತ್ತರ: ಫೋಂಡಾದಿಂದ ಅಂಕೋಲೆಯವನು

ಎಲ್ಲರ ಮಾತು ಓದಿ ಸಂತೋಷವಾಯಿತು. ಕೆಲಸದ ಮೇಲೆ ಚೀನಾಕ್ಕೆ ಹೋದಾಗ ಎರಡು ದಿನ ಬಿಡುವು ಮಾಡಿಕೊಂಡು ಆ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಗುಂಡಿಯ ಸುತ್ತಲಿನ ಕಟಕಟೆಯಿಂದ ಕೆಳಗೆ ನೋಡಿದರೆ ಸಾಲುಸಾಲು ತಲೆಗಳು ಕಾಣುತ್ತವೆಯೇ ಹೊರತು ಒಬ್ಬನೂ ಸರಿಯಾಗಿ ಕಾಣುವುದಿಲ್ಲ, ಜೊತೆಗೆ ನೂಕುನುಗ್ಗಲು. ನನಗೆ ಇಂದಿಗೂ ಕಣ್ಣಿಗೆ ಕಟ್ಟಿರುವುದು ಗಾಜಿನ ಪೆಟ್ಟಿಗೆಯೊಳಗೆ ಮಂಡಿಯೂರಿ ಕೂತ ಬಿಲ್ಲಾಳು. ಅವನ ಹಿಂದೆ ಹೋಗಿ ನಿಂತರೆ ಎತ್ತಿದ ಬಲಗಾಲಿನ ಅಂಗಾಲು ಕಾಣುತ್ತದೆ. ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಪಾದರಕ್ಷೆಯ ತಳದಂತೆ ಅಲ್ಲಿ ಚುಕ್ಕಿಗಳಿವೆ, ಒಂದೊಂದು ಚುಕ್ಕಿ ಒಂದೊಂದು ಹೊಲಿಗೆ. ಬೆರಳುಗಳ ಕೆಳಗೂ ಹಿಮ್ಮಡಿಯಲ್ಲೂ ಚುಕ್ಕಿಗಳು ದಟ್ಟವಾಗಿವೆ, ನಡುವೆ ವಿರಳವಾಗಿವೆ, ಏಕೆಂದರೆ ಸವೆಯುವುದು ಮುಂದೂ ಹಿಂದೂ ತಾನೆ. ಮಣ್ಣಿನೊಳಗೆ ಮುಚ್ಚಿಹೋಗುವ ಸೈನಿಕನ ಕಾಲಿನ ತಳವನ್ನು ಯಾರು ನೋಡುತ್ತಾರೆಂದು ಆ ಕೆಲಸಗಾರ ಚುಕ್ಕಿ ಇಟ್ಟನೋ!

ಮಾಡಿದ ಬಗೆಯನ್ನೂ ಹೇಳುತ್ತೇನೆ. ಇಲ್ಲಿ ಗೋವಾದಲ್ಲಿ ಚೌತಿಯ ಗಣಪತಿ ಮಾಡುವ ಚಿತ್ರಶಾಲೆಗಳಲ್ಲಿ ಕೂತು ನೋಡಿದವನಾದ್ದರಿಂದ ನನಗೆ ಅದು ಬೇಗ ಅರ್ಥವಾಯಿತು. ದಪ್ಪ ಮಣ್ಣೂ ತೆಳು ಮಣ್ಣೂ ಕೂಡುವ ಜಾಗದಲ್ಲೇ ಮೂರ್ತಿ ಬಿರುಕು ಬಿಡುತ್ತದೆ, ಒಣಗುವ ಹೊತ್ತು ಎರಡಕ್ಕೂ ಬೇರೆ. ನಮ್ಮ ಗಣಪತಿಗಳನ್ನು ಸುಡುವುದಿಲ್ಲ, ಹಾಗಾಗಿ ಅಷ್ಟರಲ್ಲೇ ಪಾರಾಗುತ್ತೇವೆ. ಇವರು ಆಳೆತ್ತರದ ಮೂರ್ತಿಯನ್ನು ಆವಿಗೆಯಲ್ಲಿ ಇಟ್ಟು ಸುಮಾರು 1,000 ಡಿಗ್ರಿಯವರೆಗೆ ಸುಟ್ಟಿದ್ದಾರೆ. ಅದಕ್ಕಾಗಿ ಮಣ್ಣಿಗೆ ಮರಳು ಬೆರೆಸಿ ನಾದಿದರು, ಭಾರ ಹೊರಬೇಕಾದ ಕಾಲುಗಳನ್ನು ಗಟ್ಟಿಯಾಗಿ ಮಾಡಿದರು, ಮೈಯನ್ನು ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸುತ್ತಿ ಟೊಳ್ಳಾಗಿ ಎಬ್ಬಿಸಿದರು. ತಲೆಯನ್ನೂ ಕೈಗಳನ್ನೂ ಬೇರೆಯಾಗಿ ಮಾಡಿದರು. ತಲೆಗೆ ಅಚ್ಚು ಬಳಸಿದ್ದಾರೆ, ಆದರೆ ಅಚ್ಚಿನಿಂದ ತೆಗೆದ ಮೇಲೆ ಮೀಸೆ, ಹುಬ್ಬು, ಕಿವಿ, ತುರುಬಿನ ಎಳೆಗಳನ್ನು ಕೈಯಿಂದಲೇ ತಿದ್ದಿದ್ದಾರೆ. 2014ರಲ್ಲಿ ಲಂಡನ್ನಿನ ಸಂಶೋಧಕರು ಮೂವತ್ತು ಸೈನಿಕರ ಕಿವಿಗಳನ್ನು ಕಂಪ್ಯೂಟರಿನಿಂದ ಅಳೆದು ಹೋಲಿಸಿದಾಗ ಒಂದರಂತೆ ಇನ್ನೊಂದು ಇರಲಿಲ್ಲ.

ಮೈಮೇಲೆ ಅಲ್ಲಲ್ಲಿ ಮುದ್ರೆ ಒತ್ತಿದ ಅಥವಾ ಗೀಚಿದ ಹೆಸರುಗಳಿವೆ, ಎಂಬತ್ತಕ್ಕೂ ಹೆಚ್ಚು ಮೇಸ್ತ್ರಿಗಳವು. ಕೆಲವು ಹೆಸರುಗಳ ಹಿಂದೆ ಅರಮನೆಯ ಕಾರ್ಖಾನೆಯ ಗುರುತು, ಕೆಲವಕ್ಕೆ ರಾಜಧಾನಿ ಶಿಯಾನ್‌ಯಾಂಗ್‌ನ ಹೆಸರು. ಇದನ್ನು ಕಲಾವಿದನ ಸಹಿ ಎಂದು ಹೊಗಳಿ ಬರೆದವರನ್ನು ಓದಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಕೆಲಸ ಕೆಟ್ಟರೆ ಯಾರನ್ನು ಹಿಡಿಯಬೇಕೆಂಬುದಕ್ಕೆ ಇಟ್ಟ ಗುರುತು ಅದು. ಆಯುಧಗಳ ಮೇಲೂ ಅದೇ ಪದ್ಧತಿ, ಪ್ರಧಾನಿ ಲು ಬುವೆಯ್‌ನ ಹೆಸರಿನಿಂದ ಹಿಡಿದು ಕೆಳಗಿನ ಕಸುಬುದಾರನ ಹೆಸರಿನವರೆಗೆ ಕೊರೆದಿದೆ.

ಪ್ರತಿಕ್ರಿಯೆ: ಡೊಂಬಿವಲಿ ಮೇಷ್ಟ್ರು

ಮೂವರಿಗೂ ಕೃತಜ್ಞ. ಕ್ರೋಮಿಯಂ ಅಳಿಸಿದ್ದಾಯಿತು, ಹೆಂಚು ಸೇರಿಸಿದ್ದಾಯಿತು. ಹೊಸ ಟಿಪ್ಪಣಿ ಓದಿ ಹೇಳಿದೆ. ಬಿಲ್ಲಾಳಿನ ಪಾದದ ಹೊಲಿಗೆಗೆ ಮೊಮ್ಮಗಳು ಒಪ್ಪಿದಳು. ಆದರೆ ನಾಲ್ಕನೆಯ ಗುಂಡಿ ಖಾಲಿ ಇದೆ ಎಂದು ಎಲ್ಲಿಯೋ ಓದಿ ಬಂದು, ಅದನ್ನೇಕೆ ತೋಡಿದರು ಎಂದು ಕೇಳುತ್ತಿದ್ದಾಳೆ. ಶಾಸನಪ್ರಿಯರು ಕೈಬಿಡಬಾರದು.

ಉತ್ತರ: ಶಾಸನಪ್ರಿಯ, ಪುಣೆ

ಗೊಂಬೆ ಇಡಲೆಂದೇ ತೋಡಿದ್ದು, ಇಡಲು ಪುರುಸೊತ್ತು ಸಿಗಲಿಲ್ಲ ಎಂಬುದು ಹೆಚ್ಚಿನ ವಿದ್ವಾಂಸರ ಊಹೆ. ಚಕ್ರವರ್ತಿ ಸತ್ತದ್ದು ಪ್ರವಾಸದಲ್ಲಿ, ಬೇಸಗೆಯಲ್ಲಿ. ಸುದ್ದಿ ಹೊರಬೀಳಬಾರದೆಂದು ಶವದ ಗಾಡಿಯ ಜೊತೆ ಉಪ್ಪುಮೀನು ಹೇರಿದ ಗಾಡಿಗಳನ್ನು ಓಡಿಸಿ ವಾಸನೆಯನ್ನು ಮರೆಸಿದರು; ನಮ್ಮ ಕೊಂಕಣದ ಸಂತೆ ಕಂಡವರಿಗೆ ಆ ಉಪಾಯದ ಬಲ ಗೊತ್ತು. ಮರುವರ್ಷವೇ, ಕ್ರಿ.ಪೂ. 209ರಲ್ಲಿ, ಚೆನ್ ಶೆಂಗ್ ಎಂಬ ಸಾಮಾನ್ಯ ರೈತನ ನಾಯಕತ್ವದಲ್ಲಿ ದಂಗೆ ಎದ್ದಿತು. ದಂಗೆಕೋರರು ರಾಜಧಾನಿಯ ಹತ್ತಿರಕ್ಕೇ ಬಂದಾಗ ಬೇರೆ ಸೈನ್ಯ ಕೂಡಿಸಲು ಸಮಯವಿರಲಿಲ್ಲ. ಆಗ ಝಾಂಗ್ ಹಾನ್ ಎಂಬ ಅಧಿಕಾರಿ, ಲಿ ಬೆಟ್ಟದ ಬಳಿಯ ಇದೇ ಗೋರಿಯ ಕೆಲಸದಲ್ಲಿದ್ದ ಕೈದಿಗಳ ಶಿಕ್ಷೆ ಮನ್ನಾ ಮಾಡಿ ಅವರ ಕೈಗೆ ಆಯುಧ ಕೊಡೋಣವೆಂದು ಹುಹಾಯ್‌ಗೆ ಸೂಚಿಸಿದ. ಹಾಗೆಯೇ ಆಯಿತು, ಅವರು ಆ ದಂಗೆಯನ್ನು ಹಿಮ್ಮೆಟ್ಟಿಸಿಯೂ ಬಿಟ್ಟರು. ಮಣ್ಣಿನ ಆಳುಗಳಿಗೆ ಗುಂಡಿ ತೋಡುತ್ತಿದ್ದವರು ಆ ಚಳಿಗಾಲ ತಾವೇ ಆಳುಗಳಾಗಿ ಹೊರಟರು, ಗುಂಡಿ ಹಾಗೆಯೇ ಉಳಿಯಿತು. ಝಾಂಗ್ ಹಾನ್ ಎರಡು ವರ್ಷಗಳೊಳಗೆ ದಂಗೆಕೋರರ ಇನ್ನೊಬ್ಬ ನಾಯಕ ಶಿಯಾಂಗ್ ಯುವಿಗೆ ಶರಣಾದ. ಕ್ರಿ.ಪೂ. 206ರಲ್ಲಿ ಶಿಯಾಂಗ್ ಯು ಶಿಯಾನ್‌ಯಾಂಗ್ ಅರಮನೆಗಳಿಗೆ ಬೆಂಕಿ ಇಟ್ಟ. ಸೈನ್ಯದ ಗುಂಡಿಗಳ ಮರದ ಛಾವಣಿ ಸುಟ್ಟು ಕುಸಿದು, ಒಳಗಿದ್ದವರಲ್ಲಿ ಹೆಚ್ಚಿನವರು ಚೂರುಚೂರಾದದ್ದೂ ಆಗಲೇ ಎಂದು ಬಹಳ ಮಂದಿ ನಂಬುತ್ತಾರೆ. ಇಂದು ನಿಂತಿರುವವರಲ್ಲಿ ಬಹುತೇಕ ಎಲ್ಲರನ್ನೂ ಆ ಚೂರುಗಳಿಂದ ಜೋಡಿಸಿ ನಿಲ್ಲಿಸಿದ್ದಾರೆ.